ಘಾಟಿಯಲ್ಲಿ ಕಾರು ಜಾರಿದರೆ: ಥರ್ಡ್ ಪಾರ್ಟಿ ವಿಮೆಯೋ, ಸಮಗ್ರ ವಿಮೆಯೋ?

ಆಗುಂಬೆ ಘಾಟಿಯ ತಿರುವಿನಲ್ಲಿ ಮಳೆಗೆ ಜಾರಿದ ಕಾರೊಂದು ತಡೆಗೋಡೆಗೆ ಬಡಿದು, ಬಂಪರ್ ಕಳಚಿ, ರೇಡಿಯೇಟರ್ ಸೋರುತ್ತಾ ನಿಂತಿದೆ ಎಂದುಕೊಳ್ಳಿ. ಎದುರಿಗೆ ಬೇರೆ ವಾಹನವೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯಗೊಳಿಸಿರುವ, ನಿಮ್ಮ ವಾಹನದಿಂದ ಬೇರೆಯವರಿಗಾದ ಹಾನಿಯನ್ನು ಭರಿಸುವ ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ, ಆ ಕಾರಿನ ದುರಸ್ತಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಒಡೆದ ತಡೆಗೋಡೆಗೋ ಮುರಿದ ವಿದ್ಯುತ್ ಕಂಬಕ್ಕೋ ಪರಿಹಾರ ಕಟ್ಟಬೇಕಾಗಿ ಬಂದರೆ, ಅದನ್ನು 7.5 ಲಕ್ಷ ರೂಪಾಯಿಯವರೆಗೆ ಈ ಪಾಲಿಸಿ ಭರಿಸುತ್ತದೆ. ಮಾಲೀಕ-ಚಾಲಕರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೇ ಹೊರತು ಆಸ್ಪತ್ರೆಯ ಬಿಲ್ಲಿಗಲ್ಲ. ಪಕ್ಕದಲ್ಲಿ ಕುಳಿತ ಮನೆಯವರಿಗೂ ರಕ್ಷಣೆ ಇದೆಯೆಂದು ಅನೇಕರು ನಂಬಿರುತ್ತಾರೆ. ಖಾಸಗಿ ಕಾರಿನ ಕನಿಷ್ಠ ಪಾಲಿಸಿ ಸಾಮಾನ್ಯವಾಗಿ ಅವರನ್ನು ಒಳಗೊಳ್ಳುವುದಿಲ್ಲ, ನನ್ನನ್ನು ಹೆಚ್ಚು ಕಾಡುವುದು ಇದೇ.

ಸಮಗ್ರ ವಿಮೆಯು ಸ್ವಂತ ಕಾರಿನ ಹಾನಿಯನ್ನೂ, ಮಲೆನಾಡಿನಲ್ಲಿ ಮುಖ್ಯವಾದ ಭೂಕುಸಿತ, ಪ್ರವಾಹಗಳ ಹಾನಿಯನ್ನೂ ಭರಿಸುತ್ತದೆ. ಆದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ. 50ರಷ್ಟು ಸವಕಳಿ (ಬಳಕೆಯಿಂದ ಕುಗ್ಗಿದ ಬೆಲೆ) ಕಳೆಯುವುದರಿಂದ, ಆ ಬಂಪರಿನ ಅರ್ಧ ಬೆಲೆ ನಿಮ್ಮದೇ. ಅದನ್ನು ತಪ್ಪಿಸಲು ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಬೇಕು. ಪರವಾನಗಿಯಿಲ್ಲದೆ ಅಥವಾ ಕುಡಿದು ಓಡಿಸಿದ್ದರೆ ಸ್ವಂತ ಕಾರಿನ ಹಾನಿಗೆ ಪರಿಹಾರ ಸಿಗುವುದಿಲ್ಲ.

ಶಿವಮೊಗ್ಗ ಪೇಟೆಯೊಳಗಷ್ಟೇ ಓಡುವ ಹಳೆಯ ಕಾರಿಗೆ ಕನಿಷ್ಠ ವಿಮೆ ಸಾಕಾಗಬಹುದು. ಮಳೆಗಾಲದಲ್ಲೂ ಹುಲಿಕಲ್ ಘಾಟಿ ಹತ್ತಿಳಿಯುವವರಿಗೆ ನಾನು ಸಮಗ್ರ ವಿಮೆಯನ್ನೇ ಸೂಚಿಸುತ್ತೇನೆ.