ಹಳೇ ಪಿಕಪ್‌ಗೆ ಯಾವ ಲಾಕರ್, ಯಾವ ರೇಡಿಯೇಟರ್? ಎಲ್ಲಾ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಆಕ್ಸಲ್‌ನಲ್ಲಿ ತಾನಾಗಿಯೇ ಲಾಕ್ ಆಗುವ ಮೆಕ್ಯಾನಿಕಲ್ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿಯುವ ಸಾಮಾನು), ಮುಂದೆ ತಾಮ್ರದ ಕೋರ್ (ನೀರು ಹರಿಯುವ ಕೊಳವೆಗಳ ಭಾಗ) ಇರುವ ರೇಡಿಯೇಟರ್, ಅದರ ಹಿಂದೆ ವಿಸ್ಕಸ್ ಫ್ಯಾನ್, ಅಂದರೆ ಎಂಜಿನ್ನೇ ತಿರುಗಿಸುವ, ಕಾದಾಗ ಜೋರಾಗುವ ಫ್ಯಾನ್. ನನ್ನ 2011ರ ಬೊಲೆರೊ ಪಿಕಪ್‌ನಲ್ಲಿ ಈಗ ಇರುವುದು ಇಷ್ಟು. ಇನ್ನು ಬಿಚ್ಚುವ ಮಾತಿಲ್ಲ. ಆದರೆ ಇಲ್ಲಿಗೆ ಬಂದು ಮುಟ್ಟಲು ಎರಡು ವರ್ಷ ಹಿಡಿಯಿತು. ನಾನು ಸುರಿದ ದುಡ್ಡನ್ನು ಇನ್ನೊಬ್ಬರು ಸುರಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಅಣ್ಣಿಗೇರಿ ಹತ್ತಿರ. ಎರೆ ಹೊಲ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ. ಗಾಡಿಗೆ ಎರಡು ಥರ ಕೆಲಸ. ಒಂದು, ಹೊಲದಿಂದ ಮಾಲು ಹೊರಗೆ ತಂದು ಅಮರಗೋಳ ಎಪಿಎಂಸಿಗೆ ಒಯ್ಯುವುದು. ಇನ್ನೊಂದು ಬಾಡಿಗೆ: ಉಳ್ಳಾಗಡ್ಡಿ ಹೇರಿಕೊಂಡು ಅಂಕೋಲಾ ಕಡೆ ಇಳಿಯುವುದು, ಬರುವಾಗ ಸಾಣಿಕಟ್ಟಾದ ಉಪ್ಪು ಹೇರಿಕೊಂಡು ಅರಬೈಲ್ ಘಾಟ್ ಹತ್ತುವುದು. ಎರಡರಲ್ಲೂ ಭಾರ ಜಾಸ್ತಿ, ವೇಗ ಕಡಿಮೆ. ಎಂಜಿನ್ ಒದ್ದಾಡುತ್ತಿರುತ್ತದೆ, ಎದುರಿನಿಂದ ಗಾಳಿ ಬಡಿಯುವುದಿಲ್ಲ. ನನ್ನ ತೀರ್ಮಾನಗಳೆಲ್ಲ ಈ ಕೆಲಸಕ್ಕೆ ಹೊಂದಿದವು. ಬೆಂಗಳೂರು ರಸ್ತೆಯಲ್ಲಿ ಎಂಬತ್ತರಲ್ಲಿ ಓಡಿಸುವವರಿಗೆ ಇವು ಸರಿಹೋಗದೇ ಇರಬಹುದು.

ಲಾಕರ್ ವಿಷಯ ಮೊದಲು. ಲಾಕರ್ ಇಲ್ಲದ ಗಾಡಿಯ ಒಂದು ಚಕ್ರ ರಾಡಿಗೆ ಇಳಿದರೆ ಅದೊಂದೇ ಗಿರಗಿರ ತಿರುಗುತ್ತದೆ, ಗರಸಿನ ಮೇಲಿರುವ ಚಕ್ರ ಸುಮ್ನೆ ನಿಂತಿರುತ್ತದೆ. ಮೊದಲೆಲ್ಲ ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಹೇಗೋ ಎಬ್ಬಿಸುತ್ತಿದ್ದೆ. ಬ್ರೇಕ್ ಲೈನಿಂಗ್ ಸುಟ್ಟ ವಾಸನೆ ಬರಲು ಶುರುವಾದಾಗ ಅದನ್ನು ಬಿಟ್ಟೆ.

ಮೊದಲು ಹಾಕಿಸಿದ್ದು ಲಂಚ್‌ಬಾಕ್ಸ್ ಲಾಕರ್. ಡಿಫರೆನ್ಶಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಅದರ ಒಳಗಿನ ಚಿಕ್ಕ ಸ್ಪೈಡರ್ ಗೇರ್ ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಕ್ರೌನ್-ಪಿನಿಯನ್ (ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಮುಟ್ಟಿಸುವ ದೊಡ್ಡ ಗೇರ್ ಜೋಡಿ) ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ, ಒಂದೇ ದಿನದ ಕೆಲಸ, ಖರ್ಚೂ ಕಡಿಮೆ. ಹೊಲದಲ್ಲಿ ಇದರ ಮೇಲೆ ನನಗೆ ಒಂದು ದೂರೂ ಇಲ್ಲ. ತೊಂದರೆ ಡಾಂಬರಿನ ಮೇಲೆ. ಇದು ಸದಾ ಲಾಕ್ ಆಗಿಯೇ ಇರುತ್ತದೆ, ತಿರುವಿನಲ್ಲಿ ಮಾತ್ರ ಹೊರಗಿನ ಚಕ್ರವನ್ನು ಬಿಡುತ್ತದೆ. ಆಕ್ಸಿಲರೇಟರ್ ಒತ್ತಿಕೊಂಡೇ ತಿರುಗಿಸಿದರೆ ಅದೂ ಸರಿಯಾಗಿ ಬಿಡುವುದಿಲ್ಲ. ಟಕ್ ಟಕ್ ಸದ್ದು, ಆಮೇಲೆ ಒಂದು ಜಗ್ಗು. ಅರಬೈಲ್ ತಿರುವುಗಳಲ್ಲಿ ಭಾರ ಹೊತ್ತು ಹತ್ತುವಾಗ ಹಿಂದಿನ ಟೈರ್ ಉಜ್ಜಿಕೊಂಡೇ ಬರುತ್ತಿದ್ದವು. ಮಳೆಯಲ್ಲಿ ಖಾಲಿ ಗಾಡಿ ಇನ್ನೂ ಕಷ್ಟ. ಒಂದು ಸಂಜೆ ಗದಗ ರಸ್ತೆಯ ತಿರುವಿನಲ್ಲಿ ಅಪ್ಪ ಓಡಿಸುತ್ತಿದ್ದಾಗ ಹಿಂಭಾಗ ಪಕ್ಕಕ್ಕೆ ಜಾರಿತು. ಏನೂ ಆಗಲಿಲ್ಲ. ಆದರೆ ಅಪ್ಪ ಗಾಡಿ ನಿಲ್ಲಿಸಿ ಐದು ನಿಮಿಷ ಮಾತಾಡಲಿಲ್ಲ. ಅದೇ ವಾರ ತೆಗೆಸಿದೆ.

ಗಾಳಿಯ ಒತ್ತಡದಿಂದ ಲಾಕ್ ಆಗುವ ಏರ್ ಲಾಕರ್ ನನ್ನದಲ್ಲ. ಧಾರವಾಡದ ಗೆಳೆಯನ ಜೀಪಿನಲ್ಲಿದೆ. ಎರಡು ದಿನ ನನ್ನ ಕೈಗೆ ಕೊಟ್ಟಿದ್ದ. ಸ್ವಿಚ್ ಒತ್ತಿದರೆ ಲಾಕ್, ತೆಗೆದರೆ ಮಾಮೂಲಿ ಡಿಫರೆನ್ಶಿಯಲ್. ಕೆಲಸದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಕಂಪ್ರೆಸರ್ ಸೇರಿ ಅವನಿಗೆ ಲಕ್ಷ ದಾಟಿತ್ತು. ನನ್ನ ಗಾಡಿಯನ್ನು ಈಗ ಮಾರಿದರೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿದಾಗ ಆ ಆಸೆ ಬಿಟ್ಟೆ. ಆಕ್ಸಲ್ ಪಕ್ಕದಲ್ಲೇ ಬರುವ ಗಾಳಿಯ ಪೈಪು ನಮ್ಮ ಕಡೆ ಹೊಲದಲ್ಲಿ ಉಳಿಯುವ ಹತ್ತಿ ಗಿಡದ ಕಟ್ಟಿಗೆಯ ಮೇಲೆ ಎಷ್ಟು ದಿನ ಬಾಳುತ್ತದೆ ಅನ್ನುವ ಭಯವೂ ಇತ್ತು.

ಕೊನೆಗೆ ನೆಲೆ ನಿಂತಿದ್ದು ಈಟನ್ ಕಂಪನಿಯವರ ಮೆಕ್ಯಾನಿಕಲ್ ಲಾಕರ್. ಮಹೀಂದ್ರದವರೇ ಇದನ್ನು ಕೆಲವು ಗಾಡಿಗಳಿಗೆ ಕಂಪನಿಯಿಂದ ಹಾಕಿ ಕೊಡುತ್ತಾರೆ. ಬೊಲೆರೊ ನಿಯೋದ ಎನ್10 ಆಪ್ಷನ್ ಮಾಡೆಲ್‌ನಲ್ಲಿ ಇದೆ. ಎರಡು ಚಕ್ರಗಳ ನಡುವೆ ಸುಮಾರು 100 ಆರ್‌ಪಿಎಂ (ನಿಮಿಷಕ್ಕೆ ನೂರು ಸುತ್ತು) ವ್ಯತ್ಯಾಸ ಬಂದರೆ ಒಳಗಿನ ಚಿಕ್ಕ ತೂಕಗಳು ಹಾರಿ ಲಾಕ್ ಮಾಡುತ್ತವೆ. ಗಾಡಿ ಗಂಟೆಗೆ 30 ಕಿ.ಮೀ. ಆಸುಪಾಸು ದಾಟಿದ ಮೇಲೆ ಲಾಕ್ ಆಗುವುದೇ ಇಲ್ಲ. ಹಾಗಾಗಿ ರಸ್ತೆಯಲ್ಲಿ ಇದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಸ್ವಿಚ್ ಇಲ್ಲ, ವೈರ್ ಇಲ್ಲ. ಅಪ್ಪ ಓಡಿಸಲಿ, ಕೆಲಸದ ಹುಡುಗ ಓಡಿಸಲಿ, ಯಾರಿಗೂ ಏನೂ ಹೇಳಿಕೊಡಬೇಕಾಗಿಲ್ಲ. ನನಗೆ ಇದು ದೊಡ್ಡ ವಿಷಯ.

ಹುಬ್ಬಳ್ಳಿಯ ಗುಜರಿಯಲ್ಲಿ 18,000ಕ್ಕೆ ಸಿಕ್ಕಿತು. ಬೇರಿಂಗ್, ಶಿಮ್ (ಸಂದಿ ಸರಿಪಡಿಸುವ ತೆಳು ಬಿಲ್ಲೆ), ಗೇರ್ ಎಣ್ಣೆ, ಕ್ರೌನ್-ಪಿನಿಯನ್ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದಿ) ಹಿಡಿಸಿದ ಕೂಲಿ ಸೇರಿ ಮತ್ತೆ 7,500. ಕೊಳ್ಳುವ ಮೊದಲು ನಿಮ್ಮ ಆಕ್ಸಲ್ ಶಾಫ್ಟ್ ಹೊರಗೆ ತೆಗೆದು ಅದರ ಹಲ್ಲು ಎಣಿಸಿ. ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಒಳಗೆ ಹೋಗುವುದಿಲ್ಲ. ಕ್ರೌನ್ ಕೂರುವ ಜಾಗವನ್ನೂ ಅಳೆದುಕೊಳ್ಳಿ. ಓಡಿಸುವಾಗ ರೇಸ್ ಮಾಡಬೇಡಿ. ನಿಧಾನ ಒತ್ತಿದರೆ ಚಕ್ರ ಅರೆಸುತ್ತು ಜಾರಿ, 'ಧಡ್' ಅಂತ ಹಿಡಿದು, ಗಾಡಿ ಮೇಲೇಳುತ್ತದೆ. ಜೋರಾಗಿ ಒತ್ತಿದರೆ ಆ ಪೆಟ್ಟು ಪೂರ್ತಿ ಆಕ್ಸಲ್ ಶಾಫ್ಟ್ ಮೇಲೆ ಬೀಳುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಎರೆ ಪೂರ್ತಿ ತೊಯ್ದಾಗ ಟೈರಿಗೆ ಮಣ್ಣು ಮೆತ್ತಿ ಎರಡೂ ಚಕ್ರ ಬೆಣ್ಣೆಯ ಹಾಗೆ ಆಗುತ್ತವೆ. ಆಗ ಯಾವ ಲಾಕರೂ ಎಬ್ಬಿಸುವುದಿಲ್ಲ, ಟ್ರ್ಯಾಕ್ಟರ್ ಕರೆಯಲೇಬೇಕು. ಒಂದು ಚಕ್ರಕ್ಕಾದರೂ ಗಟ್ಟಿ ನೆಲ ಸಿಗುವ ಕಡೆ ಮಾತ್ರ ಲಾಕರ್ ಕೆಲಸ.

ಇನ್ನು ಕೂಲಿಂಗ್. ನನ್ನನ್ನು ನಿಜವಾಗಿ ಕಾಡಿಸಿದ್ದು ಇದೇ.

ಹಳೇ ರೇಡಿಯೇಟರ್‌ಗೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದೆವು. ನಮ್ಮ ಕಡೆಯ ಗಡಸು ನೀರು ಒಳಗೆ ಸುಣ್ಣದ ಪರೆ ಕಟ್ಟಿ ಅರ್ಧ ಕೊಳವೆ ಮುಚ್ಚಿತ್ತು. ತೆಗೆದು, ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದೆ. 5,800 ರೂಪಾಯಿ. ಹಗುರ, ಹೊಸದು. ಆದರೆ ಅದರ ಬ್ರಾಕೆಟ್ ಬೇರೆ ಅಳತೆಯದು. ಫ್ಯಾನ್ ಸುತ್ತ ಇರುವ ಕವರ್, ಶ್ರೌಡ್ ಅಂತಾರಲ್ವಾ, ಅದು ಕೂರಲಿಲ್ಲ. ಫಿಟ್ ಮಾಡಿದವರು "ಅದು ಇಲ್ದಿದ್ರೂ ನಡೀತೈತ್ರಿ" ಅಂದರು. ನಾನು ಹೂಂ ಅಂದೆ.

ಹುಬ್ಬಳ್ಳಿ ರಸ್ತೆಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಅಲ್ಲಾಡಲಿಲ್ಲ. ಮೊದಲ ಉಪ್ಪಿನ ಲೋಡ್ ಹೊತ್ತು ಅರಬೈಲ್ ಹತ್ತುವಾಗ ಅರ್ಧ ದಾರಿಯಲ್ಲೇ ಕೆಂಪು ಮುಟ್ಟಿತು. ಬದಿಗೆ ನಿಲ್ಲಿಸಿ ಒಂದು ಗಂಟೆ ಕಾದೆವು. ಅಲ್ಲಿಂದ ಐದು ತಿಂಗಳು ನಾನು ಬದಲಿಸದ ಸಾಮಾನು ಇಲ್ಲ. ಥರ್ಮೋಸ್ಟಾಟ್ ಬದಲಿಸಿದೆ. ವಾಟರ್ ಪಂಪ್ ಬದಲಿಸಿದೆ. ರೇಡಿಯೇಟರ್ ಕ್ಯಾಪ್ ಬದಲಿಸಿದೆ. ಫ್ಯಾನ್‌ನ ಹೊಸ ವಿಸ್ಕಸ್ ಕಪ್ಲಿಂಗ್ ತಂದೆ. ಪ್ರತಿ ಸಲ ಊರ ಹತ್ತಿರ ಎಲ್ಲಾ ಸರಿ, ಘಾಟಿನಲ್ಲಿ ಮತ್ತೆ ಅದೇ ಕೆಂಪು. ಎಂಜಿನ್ ಹೆಡ್ ಬಿಚ್ಚಿಸಬೇಕು ಅಂತ ಒಬ್ಬರು ಹೇಳಿದರು. ಮನೆಯಲ್ಲಿ ಗಾಡಿ ಮಾರುವ ಮಾತೂ ಬಂತು.

ನಡುವೆ ಒಂದು ತಿಂಗಳು ವಿಸ್ಕಸ್ ತೆಗೆಸಿ ಕರೆಂಟ್ ಫ್ಯಾನ್ ಹಾಕಿಸಿದ್ದೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಹಳೇ ಆಲ್ಟರ್ನೇಟರ್‌ಗೆ ಅಷ್ಟು ಕರೆಂಟ್ ಕೊಡುವ ಶಕ್ತಿ ಇರಲಿಲ್ಲ. ರಿಲೇ ಸುಟ್ಟಿತು. ತೆಗೆಸಿದೆ.

ಕೊನೆಗೆ ಪಿ.ಬಿ. ರೋಡ್ ಹತ್ತಿರ ಹಳೇ ಕಾಲದ ಒಬ್ಬ ರೇಡಿಯೇಟರ್ ಮಿಸ್ತ್ರಿ ಸಿಕ್ಕರು. ಎಲ್ಲರೂ ಕಾಕಾ ಅಂತಾರೆ. ಅವರು ಸ್ಪ್ಯಾನರ್ ಕೈಗೇ ತೆಗೆದುಕೊಳ್ಳಲಿಲ್ಲ. ಎಂಜಿನ್ ಚೆನ್ನಾಗಿ ಕಾಯುವವರೆಗೆ ಚಾಲೂ ಇಡಿಸಿದರು. ಒಂದು ನ್ಯೂಸ್ ಪೇಪರ್ ಹಾಳೆ ಬಿಡಿಸಿ ಗ್ರಿಲ್ ನಡುವೆ ಹಿಡಿದು ಕೈ ಬಿಟ್ಟರು. ಹಾಳೆ ಅಂಟಿಕೊಂಡು ನಿಂತಿತು. ಅದನ್ನೇ ಎಡ ಮೂಲೆಗೆ ಹಿಡಿದರು. ಬಿತ್ತು. ಬಲ ಮೂಲೆಗೆ ಹಿಡಿದರು. ಅಲ್ಲೂ ಬಿತ್ತು.

"ತಮ್ಮಾ, ಫ್ಯಾನ್ ಗಾಳಿ ಎಳ್ಯಾಕತ್ತೈತಿ. ಆದ್ರ ಮುಂದಿಂದಲ್ಲ, ಬಾಜೂಕಿಂದ. ಬಿಸಿ ಗಾಳೀನ ಹೊಳ್ಳಿ ಹೊಳ್ಳಿ ತಿರಗಾಕತ್ತೈತಿ" ಅಂದರು.

ಅಷ್ಟೇ ಆಗಿತ್ತು. ಕವರ್ ಇಲ್ಲದಿದ್ದರೆ ಫ್ಯಾನ್ ಸುಲಭದ ದಾರಿಯಿಂದ, ಅಂದರೆ ಪಕ್ಕದ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ರೇಡಿಯೇಟರ್‌ನ ನಡುಭಾಗ ಮಾತ್ರ ಕೆಲಸ ಮಾಡುತ್ತದೆ, ನಾಲ್ಕು ಮೂಲೆ ಸುಮ್ನೆ ಇರುತ್ತವೆ. ರಸ್ತೆಯಲ್ಲಿ ಓಡುವಾಗ ಎದುರು ಗಾಳಿ ಆ ಕೊರತೆ ತುಂಬುತ್ತದೆ. ಎರಡನೇ ಗೇರಿನಲ್ಲಿ ಘಾಟ್ ಹತ್ತುವಾಗ ಆ ಗಾಳಿ ಎಲ್ಲಿಂದ ಬರಬೇಕು? ಕಾಕಾ ತಗಡಿನ ಕೆಲಸದವರ ಹತ್ತಿರ ಒಂದು ಕವರ್ ಮಾಡಿಸಿಕೊಟ್ಟರು. ಫ್ಯಾನ್ ರೆಕ್ಕೆ ಅರ್ಧ ಒಳಗೆ, ಅರ್ಧ ಹೊರಗೆ. ಎಂಜಿನ್ ಅಲುಗಾಡಿದಾಗ ತಾಗಬಾರದು ಅಂತ ಸುತ್ತ ಒಂದು ಇಂಚು ಜಾಗ. 700 ರೂಪಾಯಿ. ಮತ್ತೆ ಪೇಪರ್ ಹಿಡಿದರೆ ನಾಲ್ಕೂ ಮೂಲೆಯಲ್ಲಿ ಅಂಟಿತು.

ಹಾಗಾದರೆ ಅಲ್ಯೂಮಿನಿಯಂ ಯಾಕೆ ಬಿಟ್ಟೆ? ಕವರ್ ಬಂದ ಮೇಲೆ ಅದು ಚೆನ್ನಾಗಿಯೇ ತಂಪು ಮಾಡುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಂಟು ತಿಂಗಳಿಗೆ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಕೋರ್ ಸೇರುವ ಕಡೆ ಸೋರಲು ಶುರುವಾಯಿತು. ಯಲ್ಲಾಪುರದಲ್ಲಿ ಯಾರೂ ಕೈ ಹಾಕಲಿಲ್ಲ. ಪೂರ್ತಿ ಬದಲಿಸಿ ಅಂದರು. ಗಾಡಿ ಎಳೆಸಿಕೊಂಡು ಬಂದೆ. ಕಾಕಾ ನನ್ನ ಹಳೇ ಹಿತ್ತಾಳೆ ಟ್ಯಾಂಕ್‌ಗೆ ಹೊಸ ತಾಮ್ರದ ಕೋರ್ ಕೂರಿಸಿಕೊಟ್ಟರು, 9,500. ಭಾರ ಜಾಸ್ತಿ, ಬೆಲೆ ಜಾಸ್ತಿ. ಆದರೆ ಹೋದ ವರ್ಷ ಕಲ್ಲು ಬಡಿದು ತೂತಾದಾಗ ಕಲಘಟಗಿಯಲ್ಲಿ ಅರ್ಧ ಗಂಟೆಗೆ ಬೆಸುಗೆ ಹಾಕಿ 200 ರೂಪಾಯಿ ತಗೊಂಡರು. ಲೋಡ್ ಅವತ್ತೇ ಮನೆ ಮುಟ್ಟಿತು.

ರೇಡಿಯೇಟರ್‌ಗೆ ಈಗ ಹಾಕುವುದು ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್ ನೀರು ಬೇಡವೇ ಬೇಡ. ಕ್ಯಾಪ್ ಸಡಿಲ ಇದ್ದರೆ ಬದಲಿಸಿ; 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಎಂಜಿನ್ ಕಾದಾಗ ಅದನ್ನು ತೆರೆಯಬೇಡಿ.

ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ಮೊದಲು ಫ್ಯಾನ್ ಕವರ್ ನೋಡಿಸಿ. ಹತ್ತು ಸಾವಿರ ಇದ್ದರೆ ತಾಮ್ರದ ಕೋರ್. ಲಾಕರ್ ಆಮೇಲೆ. ರಾಡಿಯಲ್ಲಿ ಸಿಕ್ಕ ಗಾಡಿಯನ್ನು ಟ್ರ್ಯಾಕ್ಟರ್ ಎಳೆಯುತ್ತದೆ, ಕಾದು ಹೆಡ್ ಹೋದ ಎಂಜಿನ್‌ಗೆ ಆ ದಾರಿ ಇಲ್ಲ. ದುಡ್ಡು ಇದ್ದವರು, ಗಾಡಿ ತಾವೊಬ್ಬರೇ ಓಡಿಸುವವರು ಏರ್ ಲಾಕರ್ ಹಾಕಿಸಿ, ನಾನು ಬೇಡ ಅನ್ನಲ್ಲ. ಮೂರು ಜನ ಓಡಿಸುವ ಗಾಡಿಗೆ ಮೆಕ್ಯಾನಿಕಲ್ಲೇ ಸರಿ.

ಸುಗ್ಗಿಯಲ್ಲಿ ಜೋಳದ ಹೊಟ್ಟು ರೇಡಿಯೇಟರ್ ಸಂದಿಗೆ ತುಂಬುತ್ತದೆ. ಹಿಂದಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆದು, ಎಂಜಿನ್ ಕಾಯಿಸಿ, ನಾನೂ ಈಗ ಕಾಕಾನ ಹಾಗೆ ಪೇಪರ್ ಹಿಡಿಯುತ್ತೇನೆ. ನಿನ್ನೆ ಹಿಡಿದಾಗ ಮೂರು ಮೂಲೆ ಗಟ್ಟಿಯಾಗಿ ಹಿಡಿದವು, ಬಲಗಡೆಯ ಮೇಲಿನ ಮೂಲೆಯಲ್ಲಿ ಹಾಳೆ ಪಟಪಟ ಅಂದಿತು. ಬಗ್ಗಿ ನೋಡಿದರೆ ಕವರ್‌ನ ಒಂದು ಬೋಲ್ಟ್ ಬಿದ್ದುಹೋಗಿದೆ. ಸೋಮವಾರ ಉಪ್ಪಿನ ಬಾಡಿಗೆ ಇದೆ, ಅಷ್ಟರೊಳಗೆ ಹಾಕಿಸಬೇಕು.