ಇಳಕಲ್ ಸೀರೆಯ ಪುಸ್ತಿಕೆಗೆ ಪುಟ ಕಟ್ಟಲು: ರೈಟರ್, ಕೋರೆಲ್‌ಡ್ರಾ, ಸ್ಕ್ರೈಬಸ್

ಬೇರೆ ಬೇರೆ ತಂತ್ರಾಂಶಗಳಲ್ಲಿ ಸಿದ್ಧವಾದ ಬರಹ, ರೇಖಾಚಿತ್ರ, ಪಟ್ಟಿಗಳನ್ನು ಒಂದೇ ಕಡತದಲ್ಲಿ ಜೋಡಿಸಿ ಪ್ರೆಸ್ಸಿಗೆ ಕೊಡಬೇಕಾದವರಿಗೆ ನಾನು ಉಚಿತ ಪುಟವಿನ್ಯಾಸ ತಂತ್ರಾಂಶವಾದ ಸ್ಕ್ರೈಬಸ್ಸನ್ನೇ ಸೂಚಿಸುತ್ತೇನೆ. ಬಾಗಲಕೋಟೆಯಲ್ಲಿ ನಾವು ಇಳಕಲ್ ಸೀರೆಯ ಕುರಿತು ಕಿರುಪುಸ್ತಿಕೆಯೊಂದನ್ನು ಅಚ್ಚು ಹಾಕಿಸುವ ಮುನ್ನ ಅದೇ ಸಾಮಗ್ರಿಯನ್ನು ರೈಟರ್, ಕೋರೆಲ್‌ಡ್ರಾ, ಸ್ಕ್ರೈಬಸ್ ಈ ಮೂರು ತಂತ್ರಾಂಶಗಳಲ್ಲೂ ಜೋಡಿಸಿ ನೋಡಿದೆ. ಲೇಖನಗಳು ಕೆಲವು ಹಳೆಯ ನುಡಿ ತಂತ್ರಾಂಶದ ಅಕ್ಷರಗಳಲ್ಲಿ, ಕೆಲವು ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇದ್ದವು. ದಡಿ ಮತ್ತು ಸೆರಗಿನ ಚಿತ್ರಗಳು ರೇಖಾಚಿತ್ರದ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ, ಬೆಲೆಪಟ್ಟಿ ಲಿಬ್ರೆಆಫೀಸ್‌ನ ಲೆಕ್ಕಪಟ್ಟಿ ತಂತ್ರಾಂಶ ಕ್ಯಾಲ್ಕ್‌ನಲ್ಲಿ ಇದ್ದವು.

ಜೋಡಣೆಗೆ ಮೊದಲೇ ನುಡಿಯ ಬರಹವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಪ್ರೆಸ್ಸಿನವರು ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಕಡತ ಕೇಳಿದರೂ ಪಿಡಿಎಫ್ ಕೊಡುವುದೇ ಲೇಸು, ಏಕೆಂದರೆ 2001ರಲ್ಲಿ ಬಂದ ಪೇಜ್‌ಮೇಕರ್ 7.0ರ ನಂತರ ಸಣ್ಣಪುಟ್ಟ ತಿದ್ದುಪಡಿಗಳ ಹೊರತು ದೊಡ್ಡ ಹೊಸ ಆವೃತ್ತಿಯೇ ಬಂದಿಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಒತ್ತಕ್ಷರಗಳು ಚೆನ್ನಾಗಿ ಮೂಡುತ್ತವೆ. ಕ್ಯಾಲ್ಕ್ ಪಟ್ಟಿಯೂ ಸಲೀಸಾಗಿ ಬಂದು ಕೂರುತ್ತದೆ. ಆದರೆ ಚಿತ್ರವನ್ನು ಪ್ಯಾರಾಕ್ಕೆ ಕಟ್ಟಿದ್ದರೆ ಮೇಲೆ ಎರಡು ಸಾಲು ಸೇರಿಸಿದೊಡನೆ ಅದು ಮುಂದಿನ ಪುಟಕ್ಕೆ ಜಾರುತ್ತದೆ. ಬಣ್ಣವೂ ತೆರೆಗೆ ಹೊಂದುವ ಆರ್‌ಜಿಬಿಯಲ್ಲೇ ಉಳಿಯುವುದರಿಂದ, ತೆರೆಯ ಮೇಲೆ ಕಂಡ ಸೆರಗಿನ ಕೆಂಪು ಅಚ್ಚಿನಲ್ಲಿ ಅಷ್ಟೇ ಹೊಳಪಿನಿಂದ ಬರುತ್ತದೆಂಬ ಭರವಸೆಯಿಲ್ಲ.

ಕೋರೆಲ್‌ಡ್ರಾ ಲಗ್ನಪತ್ರಿಕೆಗೂ ಬ್ಯಾನರಿಗೂ ಒಪ್ಪುತ್ತದೆ. ಪುಟದಿಂದ ಪುಟಕ್ಕೆ ಹರಿಯುವ ಬರಹಕ್ಕೆ ನನಗೆ ಒಗ್ಗಲಿಲ್ಲ, ಅದರ ಬೆಲೆಯೂ ನಮ್ಮ ಕೈಗೆಟುಕುವಂಥದಲ್ಲ.

ಸ್ಕ್ರೈಬಸ್‌ನಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಚಿತ್ರದೊಳಗಿನ ಕನ್ನಡ. ಹಳೆಯ 1.4 ಸರಣಿಯಲ್ಲಿ ಕನ್ನಡ ಸರಿಯಾಗಿ ಕೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6ರಲ್ಲಿ ಬರಹದ ಚೌಕಟ್ಟಿನೊಳಗಿನ ಕನ್ನಡ ಅಚ್ಚುಕಟ್ಟಾಗಿದೆ. ಆದರೆ ಇಂಕ್‌ಸ್ಕೇಪ್‌ನಲ್ಲಿ ಬರೆದ ಎಸ್‌ವಿಜಿ ಚಿತ್ರವನ್ನು ಒಳಗೆ ತಂದಾಗ, ದಡಿಯ ಪಕ್ಕದಲ್ಲಿದ್ದ ‘ಚಿಕ್ಕಿ ಪರಾಸ್’ ಎಂಬ ಹೆಸರಿನ ಒತ್ತು ಕೆಳಗಿಳಿಯದೆ ‘ಚಿಕ್‌ಕಿ’ ಎಂದು ಬಿಡಿಬಿಡಿಯಾಗಿ ನಿಂತಿತು. ಗೆರೆಗಳೆಲ್ಲ ಕೂದಲೆಳೆಯಷ್ಟೂ ಕದಲದೆ ಬಂದಿದ್ದವು, ಹೆಸರು ಮಾತ್ರ ಕೆಟ್ಟಿತ್ತು. ನೇಕಾರರ ಕೈಗೇ ಹೋಗುವ ಪುಸ್ತಿಕೆಯಲ್ಲಿ ಅವರು ನೇಯುವ ದಡಿಯ ಹೆಸರೇ ತಪ್ಪಾಗಿರುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಒಂದು ಪರಿಹಾರವೆಂದರೆ ಇಂಕ್‌ಸ್ಕೇಪ್‌ನಲ್ಲೇ ಅಕ್ಷರಗಳನ್ನು ಆಯ್ದು ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಗೆರೆಗಳಾಗಿ ಬದಲಿಸಿ ಬೇರೆ ಹೆಸರಿನಲ್ಲಿ ಉಳಿಸುವುದು. ಆಗ ಫಾಂಟಿನ ಹಂಗೇ ಇರುವುದಿಲ್ಲ, ಆದರೆ ಅಕ್ಷರ ಅಕ್ಷರವಾಗಿ ಉಳಿಯದ ಕಾರಣ ಕರಡು ತಿದ್ದುವಾಗ ಪ್ರತಿ ಬಾರಿಯೂ ಮೂಲ ಚಿತ್ರಕ್ಕೆ ಮರಳಬೇಕು. ನಾನು ಕೊನೆಗೆ ನೆಚ್ಚಿಕೊಂಡ ದಾರಿ ಬೇರೆ: ಚಿತ್ರದಲ್ಲಿ ಗೆರೆಗಳನ್ನು ಮಾತ್ರ ಇಟ್ಟು, ಹೆಸರುಗಳನ್ನು ಸ್ಕ್ರೈಬಸ್‌ನ ಸಣ್ಣ ಚೌಕಟ್ಟುಗಳಲ್ಲಿ ಬರೆದು, ಎರಡನ್ನೂ ಒಂದು ಗುಂಪಾಗಿ ಕಟ್ಟುವುದು. ಇದರಿಂದ ಎಲ್ಲ ಹೆಸರುಗಳೂ ಒಂದೇ ಫಾಂಟಿನಲ್ಲಿ, ಒಂದೇ ಗಾತ್ರದಲ್ಲಿ ಬರುತ್ತವೆ.

ಉಳಿದ ವಿಷಯಗಳಲ್ಲಿ ಸ್ಕ್ರೈಬಸ್ ನನಗೆ ತೊಂದರೆ ಕೊಟ್ಟಿಲ್ಲ. ಅಚ್ಚಿಗೆ ಹೊಂದುವ ಸಿಎಂವೈಕೆ ಬಣ್ಣ, ಕತ್ತರಿಸಲು ಬಿಡುವ 3 ಮಿ.ಮೀ. ಅಂಚು, ಪ್ರೆಸ್ಸಿಗೆ ಬೇಕಾದ ಪಿಡಿಎಫ್ ಎಲ್ಲವೂ ಅದರಲ್ಲಿವೆ. ಫೋಟೋಗಳು ಮಾತ್ರ ಮೂಲದಲ್ಲೇ ದೊಡ್ಡದಾಗಿರಬೇಕು: 10 ಸೆಂ.ಮೀ. ಅಗಲದ ಚಿತ್ರ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅಚ್ಚಾಗಲು ಸುಮಾರು 1,180 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕುಗ್ಗಿ ಬಂದದ್ದನ್ನು ಬಿಟ್ಟು, ಕಡತವಾಗಿಯೇ ತರಿಸಿಕೊಳ್ಳಿ.

ಚಿತ್ರ ಕಡಿಮೆಯಿದ್ದು ಬರಹವೇ ಹೆಚ್ಚಿರುವ ವರದಿಗಳಿಗೆ ನಾನು ಈಗಲೂ ರೈಟರ್ ಬಳಸುತ್ತೇನೆ. ಗುಳೇದಗುಡ್ಡದ ಖಣದ ಪುಸ್ತಿಕೆಯಲ್ಲಿ ಪುಟಪುಟಕ್ಕೂ ವಿನ್ಯಾಸದ ಚಿತ್ರಗಳಿರುವುದರಿಂದ, ತಂತ್ರಾಂಶಕ್ಕೆಂದು ಖರ್ಚು ಮಾಡುವ ಹಣವೂ ನಮ್ಮಲ್ಲಿ ಇಲ್ಲದಿರುವುದರಿಂದ, ಅದರ ಪುಟಗಳನ್ನು ಸ್ಕ್ರೈಬಸ್‌ನಲ್ಲೇ ಕಟ್ಟುತ್ತಿದ್ದೇನೆ.