ಎಲ್ಲ ಕ್ಯಾಲೆಂಡರ್ ಜೋಡಿಸಿಕೊಡುತ್ತೇವೆ ಎನ್ನುವವರ ಕೈಗೆ ನಿಮ್ಮ ಸಂಘದ ದಿನಾಂಕ ಕೊಡಬೇಡಿ

ಯಕ್ಷಗಾನ ಸಂಘ, ಭಜನಾ ಮಂಡಳಿ, ಅಡುಗೆಯವರ ತಂಡ, ಶಾಮಿಯಾನದವರು, ಯಾರೇ ಆಗಲಿ, ನಾಲ್ಕು ಜನ ಸೇರಿ ಫೋನಿನಲ್ಲಿ ಒಂದೇ ಕ್ಯಾಲೆಂಡರ್ ನೋಡಿಕೊಂಡು ಕೆಲಸ ಮಾಡುವವರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಗೂಗಲ್, ಔಟ್‌ಲುಕ್, ಐಫೋನ್ ಎಲ್ಲದರ ಕ್ಯಾಲೆಂಡರನ್ನೂ ಒಂದಕ್ಕೊಂದು ಜೋಡಿಸಿಕೊಡುತ್ತೇವೆ ಎಂದು ದುಡ್ಡು ತೆಗೆದುಕೊಂಡ ಒಂದು ಆನ್‌ಲೈನ್ ಸರ್ವಿಸ್, ಕಳೆದ ಮಳೆಗಾಲದಲ್ಲಿ ನಮ್ಮ ಕಾರ್ಯಕ್ರಮಗಳ ದಿನಾಂಕವನ್ನೇ ಅಳಿಸಿ ಹಾಕಿತು. ಅದರ ಹೆಸರು ಇಲ್ಲಿ ಬರೆಯುತ್ತಿಲ್ಲ. ಅದೇ ರೀತಿ ಕೆಲಸ ಮಾಡುವ ಸರ್ವಿಸ್‌ಗಳು ಬೇಕಾದಷ್ಟಿವೆ. ಅದು ಎಲ್ಲಿ ಕೈಕೊಡುತ್ತದೆ ಅಂತ ಗೊತ್ತಿದ್ದರೆ ಯಾವ ಹೆಸರಿನಲ್ಲಿ ಬಂದರೂ ನೀವು ಹುಷಾರಾಗಿರಬಹುದು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಹವ್ಯಾಸಿ ಯಕ್ಷಗಾನ ಸಂಘ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮಳೆಗಾಲ ಪೂರ್ತಿ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ನಮ್ಮ ತಾಳಮದ್ದಳೆ ಕೂಟ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಅರ್ಥ ಹೇಳುವವರು, ಅಂದರೆ ಪಾತ್ರದ ಮಾತಾಡುವ ಅರ್ಥಧಾರಿಗಳು, ಒಬ್ಬರು ಬರದಿದ್ದರೆ ಹೇಗೋ ಇನ್ನೊಬ್ಬರನ್ನು ಹುಡುಕಬಹುದು. ಹಾಡು, ಮದ್ದಳೆ, ಚೆಂಡೆಯ ಹಿಮ್ಮೇಳ ಹಾಗಲ್ಲ. ನಮಗೆ ಖಾಯಂ ಆಗಿ ಒಬ್ಬರೇ ಮದ್ದಳೆಯವರು, ಅವರು ಉಪ್ಪಳದಿಂದ ದಿನಾ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು. ಚೆಂಡೆಯ ಹುಡುಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಅರ್ಥಧಾರಿಗಳಲ್ಲಿ ಇಬ್ಬರು ಇಲ್ಲಿನ ಕನ್ನಡ ಶಾಲೆಯ ಮಾಷ್ಟ್ರುಗಳು. ಗಡಿಯಲ್ಲಿ ಬದುಕುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮಾಷ್ಟ್ರುಗಳಿಗೆ ಓಣಂಗೆ ಹತ್ತು ದಿನ ರಜೆ ಇದ್ದರೆ ಮದ್ದಳೆಯವರ ಆಫೀಸಿಗೆ ಒಂದು ದಿನವೂ ಇಲ್ಲ. ಕರ್ನಾಟಕದಲ್ಲಿ ದಸರಾ ರಜೆ ಬಂದಾಗ ಇಲ್ಲಿ ಪರೀಕ್ಷೆಯ ಗಡಿಬಿಡಿ. ಹಾಗಾಗಿ ದಿನಾಂಕ ಹೊಂದಿಸುವುದೇ ಸಂಘದ ಅರ್ಧ ಕೆಲಸ.

ಕೆಲವು ವರ್ಷಗಳಿಂದ ಇದನ್ನು ಗೂಗಲ್ ಕ್ಯಾಲೆಂಡರಿನಲ್ಲಿ ಮಾಡಿಕೊಂಡು ಬರುತ್ತಿದ್ದೆವು. ಸಂಘದ ಹೆಸರಿನಲ್ಲಿ ಒಂದು ಕ್ಯಾಲೆಂಡರ್, ಎಲ್ಲರ ಜೊತೆ ಹಂಚಿಕೊಂಡದ್ದು. ಚೆನ್ನಾಗಿಯೇ ನಡೆಯುತ್ತಿತ್ತು. ಇಬ್ಬರಿಗೆ ಮಾತ್ರ ತೊಂದರೆ. ಚೆಂಡೆಯ ಹುಡುಗನ ಐಫೋನಿನಲ್ಲಿ ಅವನ ಸ್ವಂತದ್ದು ಕಾಣುತ್ತಿತ್ತು, ಸಂಘದ್ದು ಕಾಣುತ್ತಿರಲಿಲ್ಲ. ಮದ್ದಳೆಯವರು ದಿನವಿಡೀ ಆಫೀಸಿನ ಔಟ್‌ಲುಕ್ ಮುಂದೆ ಕೂರುವವರು. ಅದಕ್ಕೆ ಸಂಘದ ಕ್ಯಾಲೆಂಡರಿನ ಲಿಂಕ್ ಸೇರಿಸಿಕೊಂಡಿದ್ದರು. ಲಿಂಕ್ ಮೂಲಕ ಬಂದದ್ದನ್ನು ನೋಡಬಹುದು ಅಷ್ಟೇ, ತಿದ್ದಲು ಆಗುವುದಿಲ್ಲ, ಬದಲಾವಣೆ ಕಾಣುವುದೂ ತಡ. ಇದಕ್ಕೆಲ್ಲ ಒಂದೇ ಮದ್ದು ಎಂದು ಆ ಸರ್ವಿಸ್ ಬಂತು. ವರ್ಷದ ಚಂದಾ ಕಟ್ಟಿದೆವು. ಅವರ ಕಡೆಯವರು ಚಾಟ್‌ನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ಎರಡೂ ಕಡೆಯಿಂದ ಸಿಂಕ್ ಆಗುವ ಹಾಗೆ, ಅಂದರೆ ಒಂದರಲ್ಲಿ ಬದಲಾದದ್ದು ತಾನಾಗಿ ಇನ್ನೊಂದಕ್ಕೂ ಹೋಗುವ ಹಾಗೆ ಇಡಿ ಎಂದು ಹೇಳಿದ್ದೂ ಅವರೇ.

ಮೊದಲ ವಾರ ಎಲ್ಲರಿಗೂ ಖುಷಿ. ಆಮೇಲೆ ಒಂದು ಕೂಟ ಎರಡಾಯಿತು, ಎರಡು ನಾಲ್ಕಾಯಿತು. ಫೋನ್ ತೆರೆದರೆ ಒಂದೇ ಶನಿವಾರಕ್ಕೆ ಒಂದೇ ಮನೆಯ ಹೆಸರು ಸಾಲಾಗಿ ಕೆಳಗಿನ ತನಕ. ಮಧ್ಯರಾತ್ರಿ ಒಂದೇ ಕೂಟದ ನೆನಪೋಲೆ ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು ಎಂದು ನಮ್ಮ ಹಾಡುಗಾರರಾದ ಭಾಗವತರ ಮಗಳು ಅವರ ಫೋನಿನ ಸದ್ದನ್ನೇ ನಿಲ್ಲಿಸಿಬಿಟ್ಟಳು.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರ್‌ಗಳು ಒಂದರ ಮಾತು ಒಂದಕ್ಕೆ ತಿಳಿಯಲಿ ಎಂದು ಐಕ್ಯಾಲೆಂಡರ್ ಎನ್ನುವ ಪದ್ಧತಿ 1998ರಲ್ಲೇ ಬಂದಿದೆ. ಈಗ ನಡೆಯುತ್ತಿರುವುದು 2009ರಲ್ಲಿ ತಿದ್ದಿದ್ದು. ಐಸಿಎಸ್ ಫೈಲ್ ಅನ್ನುತ್ತಾರಲ್ಲ, ಅದು ಇದೇ. ಇದರಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ಗುರುತು ಇರುತ್ತದೆ. ಹೆಸರು, ಹೊತ್ತು, ಜಾಗ ಏನೇ ಬದಲಾದರೂ ಆ ಗುರುತು ಅದೇ ಇದ್ದರೆ, ಇದು ಹಳೆಯ ಕಾರ್ಯಕ್ರಮವೇ ಅಂತ ಎಲ್ಲರ ಫೋನಿಗೂ ಗೊತ್ತಾಗುತ್ತದೆ. ಈ ಸರ್ವಿಸ್ ಮಾಡಿದ್ದು ಬೇರೆ. ಗೂಗಲ್‌ನಲ್ಲಿದ್ದ ಕೂಟವನ್ನು ನೋಡಿ ಔಟ್‌ಲುಕ್‌ನಲ್ಲಿ ಹೊಸದಾಗಿ ಒಂದು ಬರೆಯಿತು. ಐಫೋನಿನಲ್ಲಿ ಮತ್ತೊಂದು ಬರೆಯಿತು. ಪ್ರತಿಯೊಂದಕ್ಕೂ ಬೇರೆ ಗುರುತು. ಇನ್ನೊಂದು ಸುತ್ತಿನಲ್ಲಿ ತಾನು ಬರೆದದ್ದನ್ನೇ ಹೊಸ ಕಾರ್ಯಕ್ರಮ ಅಂದುಕೊಂಡು ಗೂಗಲ್‌ಗೆ ವಾಪಸ್ ತಂದು ಹಾಕಿತು. ಸುತ್ತು ಮುಗಿಯುವುದೇ ಇಲ್ಲ.

ಅದಕ್ಕಿಂತ ಜಾಸ್ತಿ ಬೇಸರ ತಂದದ್ದು ಇನ್ನೊಂದು. ಮದ್ದಳೆಯವರ ಆಫೀಸಿನ ಮೀಟಿಂಗು, ಮನೆಯ ಸಾಲದ ಕಂತು, ಮಂಗಳೂರಿನಲ್ಲಿ ಡಾಕ್ಟರನ್ನು ನೋಡುವ ದಿನ, ಯಾವ ಪರೀಕ್ಷೆ ಮಾಡಿಸಬೇಕು ಎನ್ನುವುದು, ಎಲ್ಲವೂ ಸಂಘದ ಕ್ಯಾಲೆಂಡರಿಗೆ ಬಂದು ಬಿತ್ತು. ಅಷ್ಟೂ ಜನ ಓದಿದರು. ಒಬ್ಬರು ಫೋನ್ ಮಾಡಿ ಹುಷಾರಿಲ್ವಾ ಎಂದು ಕೇಳಿದಾಗಲೇ ಅವರಿಗೆ ಗೊತ್ತಾದದ್ದು. ಮನೆಯಲ್ಲಿ ಹೆಂಡತಿಗೂ ಅವರು ಇನ್ನೂ ಹೇಳಿರಲಿಲ್ಲ. ಎರಡು ಕಡೆಯ ಸಿಂಕ್ ಎಂದರೆ ನಿಮ್ಮ ಸ್ವಂತದ್ದೂ ಹೊರಗೆ ಹರಿಯುತ್ತದೆ ಎಂದು ಆ ಸರ್ವಿಸ್‌ನವರು ಎಲ್ಲೂ ಬಾಯಿಬಿಟ್ಟಿರಲಿಲ್ಲ. ಇದು ನನಗೆ ಈಗಲೂ ಸಿಟ್ಟು ಬರಿಸುವ ವಿಷಯ.

ದೂರು ಕೊಟ್ಟೆವು. ಅವರ ಉತ್ತರ, ನಮ್ಮ ಪುಟದಲ್ಲಿ ಡುಪ್ಲಿಕೇಟ್ ತೆಗೆಯುವ ಬಟನ್ ಇದೆ, ಒತ್ತಿ, ಮೂಲ ಹಾಗೇ ಉಳಿಯುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಮಧ್ಯಾಹ್ನ ಅವರು ಚಾಟ್‌ನಲ್ಲಿ ಇರುವಾಗಲೇ ಒತ್ತಿದ್ದಾಯಿತು. ಪಟ್ಟಿ ಸಪೂರವಾಯಿತು. ಎಲ್ಲ ಸರಿಯಾಯಿತು ಅಂದುಕೊಂಡೆವು.

ಡಿಲೀಟ್ ಮಾಡುವುದೂ ಸಿಂಕ್‌ಗೆ ಒಂದು ಬದಲಾವಣೆಯೇ. ಒಂದು ಕಡೆ ಅಳಿಸಿದರೆ ಅದು ಉಳಿದ ಎಲ್ಲ ಕಡೆಗೂ ಹೋಗಿ ಅಳಿಸುತ್ತದೆ. ಯಾವುದು ಮೂಲ, ಯಾವುದು ನಕಲು ಅಂತ ಆ ಸರ್ವಿಸ್‌ಗೇ ಗೊತ್ತಿರಲಿಲ್ಲ. ಕೆಲವು ಕೂಟಗಳ ನಕಲೂ ಹೋಯಿತು, ಮೂಲವೂ ಹೋಯಿತು. ಎಲ್ಲವೂ ಖಾಲಿಯಾಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಹತ್ತಿರದ ದಿನಾಂಕಗಳು ಉಳಿದು ಮುಂದಿನವು ಅಲ್ಲಲ್ಲಿ ಮಾಯವಾದ ಕಾರಣ ಯಾರ ಕಣ್ಣಿಗೂ ಬೀಳಲಿಲ್ಲ.

ಗೊತ್ತಾದದ್ದು ಓಣಂ ರಜೆಯಲ್ಲಿ, ಮುಳ್ಳೇರಿಯ ಕಡೆಯ ಒಂದು ಮನೆಯಲ್ಲಿ. ಅಜ್ಜಿಗೆ ಹುಷಾರಾದರೆ ತಾಳಮದ್ದಳೆ ಆಡಿಸುತ್ತೇವೆ ಎಂದು ಹೇಳಿಕೊಂಡಿದ್ದ ಹರಕೆ ಅದು. ಹಿರಿಯ ಮಗ ಅದಕ್ಕೆಂದೇ ದುಬೈಯಿಂದ ರಜೆ ಹಾಕಿ ಬಂದಿದ್ದರು. ಚಾವಡಿಯಲ್ಲಿ ಚಾಪೆ ಹಾಸಿ, ದೀಪ ಹಚ್ಚಿ, ನೆರೆಕರೆಯವರೆಲ್ಲ ಕಾಫಿ ಕುಡಿದು ಕೂತಾಗಿತ್ತು. ಮನೆಯವರು ಹಿಂದಿನ ದಿನ ಫೋನ್ ಮಾಡಿದ್ದರಿಂದ ಅರ್ಥಧಾರಿಗಳು ಬಂದಿದ್ದೆವು. ಭಾಗವತರು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳುವವರು, ಅವರೂ ಬಂದಿದ್ದರು. ಮದ್ದಳೆಯೂ ಇಲ್ಲ, ಚೆಂಡೆಯೂ ಇಲ್ಲ. ಫೋನ್ ಮಾಡಿದರೆ ಮದ್ದಳೆಯವರು ಉಪ್ಪಳದ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. "ಇವತ್ತಾ? ನನ್ನ ಫೋನಿನಲ್ಲಿ ಏನೂ ಇಲ್ವಲ್ಲ ಮಾರಾಯ್ರೇ" ಎಂದರು. ಆ ಹೊತ್ತಿಗೆ ಅಲ್ಲಿಂದ ಹೊರಟು ಮಳೆಯಲ್ಲಿ ಮುಳ್ಳೇರಿಯಕ್ಕೆ ಮುಟ್ಟುವುದು ಯಾವಾಗ? ಚೆಂಡೆಯ ಹುಡುಗ ಗೆಳೆಯರ ಜೊತೆ ಊರು ಬಿಟ್ಟು ಹೋಗಿದ್ದ. ಅವನ ಫೋನಿನಲ್ಲೂ ಆ ದಿನ ಖಾಲಿ.

ಭಾಗವತರು ಜಾಗಟೆ ಹಿಡಿದು ಹಾಡಿದರು. ಮದ್ದಳೆಯ ಪೆಟ್ಟಿಲ್ಲದೆ ಪದಕ್ಕೆ ಜೀವ ಬರುವುದು ಹೇಗೆ? ಒಂದೊಂದು ಪದ ಮುಗಿದಾಗಲೂ ಅವರು ಅಭ್ಯಾಸದಂತೆ ಪಕ್ಕಕ್ಕೆ ತಿರುಗಿ ನೋಡುತ್ತಿದ್ದರು. ಪ್ರಸಂಗವನ್ನು ಅರ್ಧಕ್ಕೇ ಮುಗಿಸಿ ಮಂಗಳ ಹಾಡಿದೆವು. ಮನೆಯವರು ಒಂದು ಮಾತೂ ಆಡಲಿಲ್ಲ, ಸಂಭಾವನೆಯನ್ನೂ ಪೂರ್ತಿ ಕೊಡಲು ಬಂದರು. ನಾವು ತೆಗೆದುಕೊಳ್ಳಲಿಲ್ಲ. ಹರಕೆಯ ಕೂಟ ಅದು. ಇನ್ನೊಂದು ದಿನ ಮಾಡಿಕೊಡುತ್ತೇವೆ ಎಂದರೆ ಮಗ ಮತ್ತೆ ದುಬೈಯಿಂದ ಬರಲು ಆಗುತ್ತದಾ?

ಅದೇ ರಾತ್ರಿ ಕಂಪ್ಯೂಟರಿನಲ್ಲಿ ಹುಡುಕಿದೆವು. ಗೂಗಲ್ ಕ್ಯಾಲೆಂಡರಿಗೂ ಒಂದು ಕಸದ ಬುಟ್ಟಿ ಇದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಸೆಟ್ಟಿಂಗ್ಸ್ ಚಿಹ್ನೆ ಒತ್ತಿದರೆ ಸಿಗುತ್ತದೆ. ಅಳಿಸಿದ ಕಾರ್ಯಕ್ರಮಗಳು ಅಲ್ಲಿ 30 ದಿನ ಇರುತ್ತವೆ. ಆಟಿಯಲ್ಲಿ ಅಳಿಸಿದ್ದು ಓಣಂ ಹೊತ್ತಿಗೆ ಎಲ್ಲಿ ಉಳಿದೀತು? ಉಳಿದ ಕೂಟಗಳನ್ನು ಭಾಗವತರ ಗೋಡೆ ಕ್ಯಾಲೆಂಡರ್ ಮತ್ತು ವಾಟ್ಸ್ಆ್ಯಪ್‌ನ ಹಳೆಯ ಮೆಸೇಜು ನೋಡಿ ಮತ್ತೆ ಬರೆದುಕೊಂಡೆವು. ನಿಮ್ಮಲ್ಲಿ ಏನಾದರೂ ಮಾಯವಾದ ಹಾಗೆ ಅನ್ನಿಸಿದರೆ ತಡ ಮಾಡದೆ ಆ ಬುಟ್ಟಿ ನೋಡಿ. ಸರ್ವಿಸ್‌ನವರನ್ನು ಕೇಳಿದ್ದಕ್ಕೆ, ಎರಡು ಕಡೆಯ ಸಿಂಕ್ ನೀವೇ ಆರಿಸಿದ್ದು ಎಂಬ ಉತ್ತರ ಬಂತು. ದುಡ್ಡೂ ವಾಪಸ್ ಬರಲಿಲ್ಲ.

ಸಿಟ್ಟು ಬರುವುದು ಯಾಕೆಂದರೆ, ನಮ್ಮ ಎರಡು ತೊಂದರೆಗೂ ಬಿಟ್ಟಿ ಪರಿಹಾರ ಮೊದಲೇ ಇತ್ತು. ಐಫೋನಿನ ಸ್ವಂತ ಕ್ಯಾಲೆಂಡರಿನಲ್ಲಿ ಗೂಗಲ್‌ನ ಹಂಚಿಕೊಂಡ ಕ್ಯಾಲೆಂಡರ್ ಕಾಣದಿದ್ದರೆ, ಯಾವುದು ಸಿಂಕ್ ಆಗಬೇಕು ಎಂದು ಆರಿಸಲು ಗೂಗಲ್‌ನದ್ದೇ ಒಂದು ಪುಟ ಇದೆ. ಸಿಂಕ್ ಸೆಲೆಕ್ಟ್ ಎಂದು ಹುಡುಕಿದರೆ ಸಿಗುತ್ತದೆ. ಅಲ್ಲಿ ಸಂಘದ ಕ್ಯಾಲೆಂಡರಿಗೆ ಒಂದು ಟಿಕ್ ಹಾಕಿದರೆ ಆಯಿತು. ಅಥವಾ ಐಫೋನಿಗೇ ಗೂಗಲ್ ಕ್ಯಾಲೆಂಡರ್ ಆ್ಯಪ್ ಹಾಕಿಕೊಳ್ಳಬಹುದು. ಮದ್ದಳೆಯವರು ಈಗ ಮಾಡಿದ್ದೂ ಅದನ್ನೇ. ಸಂಘದ್ದು ಅವರ ಫೋನಿನ ಗೂಗಲ್ ಆ್ಯಪ್‌ನಲ್ಲಿ, ಆಫೀಸಿನದ್ದು ಔಟ್‌ಲುಕ್‌ನಲ್ಲಿ. ಎರಡನ್ನೂ ಬೆರೆಸುವುದೇ ಇಲ್ಲ.

ಹಂಚಿಕೊಳ್ಳುವಾಗ ಯಾರಿಗೆ ಎಷ್ಟು ಹಕ್ಕು ಎಂಬುದನ್ನೂ ನೋಡಿಕೊಳ್ಳಿ. ಬಿಡುವಿದೆಯೋ ಇಲ್ಲವೋ ಎಂದಷ್ಟೇ ಕಾಣುವುದು, ವಿವರ ಎಲ್ಲ ಕಾಣುವುದು, ತಿದ್ದುವ ಹಕ್ಕು, ಬೇರೆಯವರನ್ನು ಸೇರಿಸುವ ಹಕ್ಕು, ಹೀಗೆ ಗೂಗಲ್‌ನಲ್ಲಿ ನಾಲ್ಕು ಹಂತ. ನಮ್ಮಲ್ಲಿ ಈಗ ತಿದ್ದುವ ಹಕ್ಕು ಇಬ್ಬರಿಗೆ ಮಾತ್ರ. ಮೊದಲು ಎಲ್ಲರಿಗೂ ಇತ್ತು. ಇನ್ನು, ಐಸಿಎಸ್ ಫೈಲನ್ನು ಇಂಪೋರ್ಟ್ ಮಾಡಿದರೆ ಅದು ಆ ಹೊತ್ತಿನ ನಕಲು ಅಷ್ಟೇ, ಮುಂದಿನ ಬದಲಾವಣೆ ಅದಕ್ಕೆ ಬರುವುದಿಲ್ಲ. ಹೊರಗಿನ ಲಿಂಕನ್ನು ಗೂಗಲ್‌ಗೆ ಸೇರಿಸಿದರೆ ಬದಲಾವಣೆ ಕಾಣಲು 12 ಗಂಟೆಯ ತನಕ ಹಿಡಿಯಬಹುದು ಎಂದು ಗೂಗಲ್ಲೇ ಹೇಳುತ್ತದೆ. ಸಂಜೆಯ ಕೂಟದ ಹೊತ್ತು ಮಧ್ಯಾಹ್ನ ಬದಲಾಯಿಸಿ ಆ ಲಿಂಕನ್ನು ನಂಬಿ ಕೂರಬೇಡಿ, ಫೋನ್ ಮಾಡಿ. ಹಾಗೆಯೇ, ಕ್ಯಾಲೆಂಡರಿನ ಗುಟ್ಟಿನ ಲಿಂಕನ್ನು ಸುಮ್ನೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬೇಡ. ಅದು ಕೈಗೆ ಸಿಕ್ಕಿದ ಯಾರಿಗೂ ಎಲ್ಲ ವಿವರ ಕಾಣುತ್ತದೆ.

ಗಲ್ಫ್‌ನಲ್ಲಿ ಇರುವವರು ಕಾರ್ಯಕ್ರಮ ಸೇರಿಸುವುದಿದ್ದರೆ ಇನ್ನೊಂದು ವಿಷಯ. ಕಾಸರಗೋಡಿನಲ್ಲಿ ಅಂಥವರು ಇಲ್ಲದ ಮನೆ ಕಡಿಮೆ ಅಲ್ವಾ. ದುಬೈಯಲ್ಲಿ ಕೂತು 6:30 ಎಂದು ಬರೆದರೆ ಅದು ಅಲ್ಲಿನ 6:30, ನಮ್ಮ ಫೋನಿನಲ್ಲಿ ರಾತ್ರಿ 8 ಎಂದು ಕಾಣುತ್ತದೆ. ಕತಾರ್, ಕುವೈತ್, ಸೌದಿಯಿಂದ ಆದರೆ ಎರಡೂವರೆ ಗಂಟೆಯ ವ್ಯತ್ಯಾಸ. ಹೊತ್ತಿನ ಪಕ್ಕದಲ್ಲಿ ಟೈಮ್ ಝೋನ್ ಆರಿಸುವ ಜಾಗ ಇದೆ, ಅಲ್ಲಿ ಭಾರತದ್ದನ್ನು ಹಾಕಲು ಹೇಳಿ.

ಪ್ರತಿ ಸಂಕ್ರಮಣಕ್ಕೆ ನಮ್ಮ ಮಾಷ್ಟ್ರೊಬ್ಬರು ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಸಂಘದ ಕ್ಯಾಲೆಂಡರಿನ ಫೈಲ್ ತೆಗೆದಿಡುತ್ತಾರೆ. ಮುಂದಿನ ಎರಡು ತಿಂಗಳ ಪಟ್ಟಿಯನ್ನು ಪ್ರಿಂಟ್ ಮಾಡಿ ಭಾಗವತರ ಮನೆಗೂ ಕೊಡುತ್ತಾರೆ.

ಈಗಾಗಲೇ ಇಂಥ ಸರ್ವಿಸ್ ಸೇರಿದ್ದರೆ, ಫೋನಿನಿಂದ ಆ್ಯಪ್ ತೆಗೆದರೆ ಸಾಕು ಅಂದುಕೊಳ್ಳಬೇಡಿ. ಕೆಲಸ ನಡೆಯುವುದು ಅವರ ಸರ್ವರಿನಲ್ಲಿ. ಆ್ಯಪ್ ತೆಗೆದರೂ ನೀವು ಕೊಟ್ಟ ಒಪ್ಪಿಗೆ ಹಾಗೇ ಇರುತ್ತದೆ. ಮೊದಲು ಕ್ಯಾಲೆಂಡರಿನ ಒಂದು ಫೈಲ್ ಎಕ್ಸ್‌ಪೋರ್ಟ್ ಮಾಡಿ ಬದಿಗಿಡಿ. ಆಮೇಲೆ ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗಕ್ಕೆ ಹೋಗಿ, ಹೊರಗಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ಹುಡುಕಿ, ಕೊಟ್ಟ ಒಪ್ಪಿಗೆ ಕಿತ್ತುಹಾಕಿ. ಔಟ್‌ಲುಕ್ ಖಾತೆಯಲ್ಲೂ ಇದೇ ಕೆಲಸ ಮಾಡಬೇಕು. ಸಂಘದಲ್ಲಿ ಯಾರ್ಯಾರು ಒಪ್ಪಿಗೆ ಕೊಟ್ಟಿದ್ದಾರೋ ಅಷ್ಟೂ ಜನರೂ ಮಾಡಬೇಕು, ಒಬ್ಬರದ್ದು ಉಳಿದರೂ ಅದೇ ದಾರಿಯಲ್ಲಿ ಮತ್ತೆ ಬರೆಯುತ್ತದೆ. ನಕಲುಗಳನ್ನು ಅಳಿಸುವ ಕೆಲಸಕ್ಕೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ, ಅದೂ ಒಂದೊಂದೇ, ಕೈಯಾರೆ.